ಚವಳಿ ಸಾಲು, ಚಿಗವ್ವನ ಹುಲ್ಲು

ರವಿವಾರ, ನಾಗರ ಪಂಚಮಿ ಮುಗಿದು ಆರನೆಯ ದಿನ, ಬೆಳಿಗ್ಗೆ ಆರು ಗಂಟೆ. ಬಸವನ ಬಾಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹಾಜರಿದ್ದವರು ಐದು ಜನ: ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ಕಾಕಾನ ಹೆಂಡತಿ ಚಿಗವ್ವ, ಮತ್ತು ಹತ್ತು ವರ್ಷದ ನಾನು. ಗೈರುಹಾಜರಾದವನು ಅಪ್ಪನ ತಮ್ಮ ಕಾಕಾ ಒಬ್ಬನೇ. ಅವನು ಮುದ್ದೇಬಿಹಾಳದಲ್ಲಿ ಬಸ್ಸು ರಿಪೇರಿ ಮಾಡುವ ಕೆಲಸದಲ್ಲಿದ್ದ. ವಾರಕ್ಕೊಮ್ಮೆ ರವಿವಾರ ಸಂಜೆ ಬಂದು, ರಾತ್ರಿ ವಸ್ತಿ ಮಾಡಿ, ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದ. ಅಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಮೈದಾನದಲ್ಲಿ ಊದುವ ಸೀಟಿಯನ್ನೇ ಮನೆಯಲ್ಲಿಯೂ ಊದುತ್ತಿದ್ದರು, ಮೈದಾನದಲ್ಲಿ ಕೂಗುವ ಹಾಜರಿಯನ್ನೇ ಪಡಸಾಲೆಯಲ್ಲಿ ಕೂಗುತ್ತಿದ್ದರು. ಅವ್ವ ಅಡುಗೆಮನೆಯಿಂದಲೇ "ಹೂಂ" ಎನ್ನುತ್ತಿದ್ದಳು. ಆಯಿಯ ಉತ್ತರ ದಿನವೂ ಒಂದೇ.

"ಸತ್ತಿಲ್ಲೋ, ಅದೇನಿ. ಮುಂದಿನ ಹೆಸರು ಕರಿ."

ಆ ದಿನ ಮುಂದಿನ ಹೆಸರು ಚಿಗವ್ವನದು. ಅಪ್ಪ ಎರಡು ಸಲ ಕರೆದರು. ಅವಳು ಕಂಬಕ್ಕೆ ಒರಗಿ ನಿಂತಿದ್ದಳು, ಕಣ್ಣೆದುರಿಗೇ ಇದ್ದಳು, ಆದರೆ ಉತ್ತರ ಕೊಡಲಿಲ್ಲ. ಅಪ್ಪ ಕೊರಳಲ್ಲಿದ್ದ ಸೀಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ನನ್ನ ಹೆಸರಿಗೆ ಬಂದರು. ನಾನು ಎಂದಿಗಿಂತ ಜೋರಾಗಿ "ಹಾಜರ್ರಿ" ಎಂದೆ. ಜೋರಾಗಿ ಎನ್ನಲು ಕಾರಣವಿತ್ತು. ಚಿಗವ್ವನ ಬಾಯಿ ಕಟ್ಟಿದವಳು ನಾನೇ, ಮತ್ತು ಆ ಸಂಗತಿ ಆ ಹೊತ್ತಿನವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೊಂದು ಸಾಲಾಗಿದ್ದವು. ಬಚ್ಚಲು ಮಾತ್ರ ಮುಂದೆ, ಅಂಗಳದ ಮೂಲೆಯಲ್ಲಿತ್ತು. ಪಡಸಾಲೆಯ ಗೋಡೆಗೆ ಅಪ್ಪ ಒಂದು ಕಪ್ಪು ಹಲಗೆ ಹೊಡೆದಿದ್ದರು. ಯಾರು ನೀರು ತರಬೇಕು, ಯಾರು ಹಾಸಿಗೆ ಮಡಚಬೇಕು, ಯಾವ ವಾರ ಯಾವ ಪಲ್ಯ ಎಂಬುದೆಲ್ಲ ಅದರ ಮೇಲೆ ಸುಣ್ಣದಕಡ್ಡಿಯಲ್ಲಿ ಇರುತ್ತಿತ್ತು. ಸೋಮವಾರ ಹೆಸರುಬೇಳೆ, ಮಂಗಳವಾರ ಪುಂಡಿಪಲ್ಯ, ಬುಧವಾರ ಮಡಕೆಕಾಳು. ಹಬ್ಬ ಬಂದರೂ ಹಲಗೆ ಬದಲಾಗುತ್ತಿರಲಿಲ್ಲ, ಹೋಳಿಗೆ ಅದರ ಪಕ್ಕಕ್ಕೆ ಬಂದು ಸೇರಿಕೊಳ್ಳುತ್ತಿತ್ತು. ಶನಿವಾರದ ನನ್ನ ಕೆಲಸ "ಅಂಗಳದ ಕಸ". ನಮ್ಮ ಕಡೆ ಕಸ ಎಂದರೆ ಗುಡಿಸಿ ಚೆಲ್ಲುವುದಷ್ಟೇ ಅಲ್ಲ. ಬೆಳೆಯ ನಡುವೆ ಕರೆಯದೆ ಬಂದು ನಿಂತ ಹುಲ್ಲು, ಹಸಿರು ಎಲ್ಲವೂ ಕಸವೇ. ನಾನು ಈ ಕೆಲಸವನ್ನು ಇಷ್ಟಪಟ್ಟು ಮಾಡುತ್ತಿದ್ದೆ. ಇಡೀ ಸಾಲು ಸ್ವಚ್ಛವಾಗಿ ಕಪ್ಪು ಮಣ್ಣು ಕಂಡಾಗ ಆಗುವ ಸಮಾಧಾನ ನನಗೆ ಆ ವಯಸ್ಸಿಗೇ ಹತ್ತಿಕೊಂಡಿತ್ತು. ಮುಂದೆ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ವಾರ್ಡಿನ ಹಾಸಿಗೆಗಳ ಚಾದರದ ಸುಕ್ಕು ತೆಗೆಯುವಾಗಲೂ ಅದೇ ಸಮಾಧಾನ.

ಬಾಗಿಲಿನಿಂದ ಬೀದಿಗೆ ಹೋಗುವ ಕಲ್ಲುಹಾದಿ ಅಂಗಳವನ್ನು ಎರಡು ಭಾಗ ಮಾಡಿತ್ತು. ಎಡಕ್ಕೆ ಆಯಿಯ ಚವಳಿ. ಬೆಂಗಳೂರಿನವರು ಗೋರಿಕಾಯಿ ಎನ್ನುವ ಚವಳಿಕಾಯಿ. ಅದರ ಬೀಜ ಆಯಿಯ ತವರು ಯಂಕಂಚಿಯಿಂದ ಬಂದದ್ದು. ವರ್ಷವೂ ಒಣಗಿಸಿ, ಬೂದಿ ಕಲಸಿ, ಗಡಿಗೆಯಲ್ಲಿಟ್ಟು ಮುಂದಿನ ಮೊದಲ ಮಳೆಗೆ ಊರುತ್ತಿದ್ದಳು. ಗೇಣಿಗೊಂದರಂತೆ ನಾಲ್ಕು ಸಾಲು. ಚವಳಿ ಗಿಡ ಬಳ್ಳಿಯ ಹಾಗೆ ಯಾರ ಮೈಮೇಲೂ ಬೀಳುವುದಿಲ್ಲ, ಎದೆ ಸೆಟೆದು ನೇರ ನಿಲ್ಲುತ್ತದೆ. ಅಪ್ಪನಿಗೆ ಅದಕ್ಕೇ ಅದರ ಮೇಲೆ ಪ್ರೀತಿ. "ನಮ್ಮ ಎನ್.ಸಿ.ಸಿ. ಹುಡುಗರು ಹಿಂಗ ನಿಂತಿದ್ರ ಸಾಕಿತ್ತು" ಎನ್ನುತ್ತಿದ್ದರು. ಪಂಚಮಿಯ ಹೊತ್ತಿಗೆ ಗೊಂಚಲು ಗೊಂಚಲಾಗಿ ಎಳೆಕಾಯಿ ಬರುತ್ತಿದ್ದವು. ನಾರು ತೆಗೆದು, ಮುರಿದು, ಗುರೆಳ್ಳು ಪುಡಿ ಹಾಕಿ ಅವ್ವ ಮಾಡುತ್ತಿದ್ದ ಪಲ್ಯ ಬಿಸಿ ರೊಟ್ಟಿಯ ಮೇಲೆ ಬಿದ್ದರೆ ಮಾತು ನಿಲ್ಲುತ್ತಿತ್ತು.

ಬಲಕ್ಕೆ ಚಿಗವ್ವನ ಹುಲ್ಲು. ಅವಳ ತವರು ನಿಡಗುಂದಿ. ತಂದೆ ಆಲಮಟ್ಟಿ ಆಣೆಕಟ್ಟೆಯ ಸಾಹೇಬರ ಬಂಗಲೆಯಲ್ಲಿ ಮಾಲಿ. ಮದುವೆಯಾಗಿ ಬರುವಾಗ ಬೇರೆ ಸೊಸೆಯಂದಿರು ಪಾತ್ರೆ-ಭಾಂಡೆ ತಂದ ಹಾಗೆ ಇವಳು ತಟ್ಟಿನ ಚೀಲದಲ್ಲಿ ಒಂದು ಬುಡ ಹುಲ್ಲು ತಂದಳು. ಎಲೆ ನೀಳ, ಬದನೆಕಾಯಿಯ ಬಣ್ಣ; ಮಳೆ ಬಿದ್ದ ಮೇಲೆ ನಡುವಿನಿಂದ ಮೃದುವಾದ ತೆನೆಗಳು ಎದ್ದು ಬೆಕ್ಕಿನ ಬಾಲದ ಹಾಗೆ ಬಾಗುತ್ತಿದ್ದವು. ಗಾಳಿಗೆ ಇಡೀ ಬುಡ ಉಸಿರಾಡಿದಂತೆ ಕಾಣುತ್ತಿತ್ತು. ಮಧ್ಯಾಹ್ನದ ಭಾಂಡೆ ಮುಗಿಸಿ ಚಿಗವ್ವ ಅದರ ಪಕ್ಕದ ಕಟ್ಟೆಯ ಮೇಲೆ ಹತ್ತು ನಿಮಿಷ ಕೂಡುತ್ತಿದ್ದಳು. ಹಲಗೆಯ ಮೇಲೆ ಇಲ್ಲದ ಕೆಲಸ ಎಂದರೆ ನಮ್ಮ ಮನೆಯಲ್ಲಿ ಅದೊಂದೇ. ಈಗ ಹೆದ್ದಾರಿಯ ನರ್ಸರಿಗಳಲ್ಲಿ ಇದೇ ಹುಲ್ಲನ್ನು ಕುಂಡಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ, ಯಾರೂ ಬೆರಗಾಗುವುದಿಲ್ಲ. ಆಗ ನಮ್ಮ ಓಣಿಯವರು ಬಂದು ನಿಂತು ನೋಡಿ, "ಇದು ಯಾವ ರೋಗ ಬಡದ ಸಜ್ಜಿ ಐತ್ರಿ?" ಎಂದು ಕೇಳಿ ಹೋಗುತ್ತಿದ್ದರು.

ಆಯಿಗೂ ಕಂಡದ್ದು ಅದೇ. ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಜೋಳ, ಸಜ್ಜೆ ಬೆಳೆದವರಿಗೆ ತೆನೆ ಎಂದರೆ ಕಾಳು. ಈ ತೆನೆಯನ್ನು ಅವಳು ಅಂಗೈಯಲ್ಲಿ ತಿಕ್ಕಿ ನೋಡಿದಳು, ಊದಿದಳು. ಕೈಯಲ್ಲಿ ಏನೂ ಉಳಿಯಲಿಲ್ಲ. ಮೂರು ವರ್ಷ ಇದೇ ವಾದ ನಡೆಯಿತು, ಜಗಳ ಎನ್ನುವಷ್ಟು ಬಿಸಿಯಿಲ್ಲದೆ, ಊಟಕ್ಕೆ ಉಪ್ಪಿನಕಾಯಿ ಇದ್ದಂತೆ.

"ನನ್ನ ಚವಳಿ ಕಾಯಿ ಕೊಡ್ತೈತಿ, ಬೀಜ ಕೊಡ್ತೈತಿ, ಕಿತ್ತಮ್ಯಾಲೆ ನೆಲಕ್ಕ ಕಸುವು ಕೊಡ್ತೈತಿ. ನಿಂದು ಏನ್ ಕೊಡ್ತೈತಿ ಹೇಳು ನೋಡೂಣು."

"ಅದು ಏನೂ ಕೇಳಂಗಿಲ್ರಿ ಅತ್ತಿ," ಎನ್ನುತ್ತಿದ್ದಳು ಚಿಗವ್ವ. "ನಿಮ್ಮ ಚವಳಿಗಿ ಹೇನು ಹತ್ತೂದು, ಬೂದಿ ಹೊಡಿಯೂದು, ಎರಡ ದಿನ ನೀರ ತಪ್ಪಿದ್ರ ಮಾರಿ ಬಾಡಿಸೂದು. ನನ್ನ ಹುಲ್ಲಿಗಿ ಏನರ ಐತೇನು?"

ಈ ಮಾತು ನಿಜವಾಗಿತ್ತು. ಬಚ್ಚಲ ನೀರನ್ನು ಅಪ್ಪ ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ತಿರುಗಿಸುವ ನಿಯಮ ಮಾಡಿದ್ದರು. ಬಲಗಡೆಯ ಪಾಳಿಯ ದಿನವೂ ಚಿಗವ್ವ ಸದ್ದಿಲ್ಲದೆ ಕಲ್ಲು ಸರಿಸಿ ಚವಳಿಗೇ ನೀರು ಬಿಡುತ್ತಿದ್ದಳು. ನನಗೆ ಅದು ಗೊತ್ತಿತ್ತು. ಆಯಿಗೆ ಗೊತ್ತಿರಲಿಲ್ಲ.

ಆ ವರ್ಷದ ಪಂಚಮಿಗೆ ಎರಡು ದಿನ ಮೊದಲು ಚಿಗವ್ವ ತವರಿಗೆ ಹೊರಟಳು. ಮದುವೆಯ ನಂತರ ಅದು ಅವಳ ಮೂರನೆಯ ಪಂಚಮಿ. ಕೈಯಲ್ಲಿ ಚೀಲ ಹಿಡಿದು ಅವಳು ಹೊಸ್ತಿಲು ದಾಟುತ್ತಿದ್ದಾಗ ಪಕ್ಕದ ಮನೆಯ ಹೆಂಗಸು ಹುಲ್ಲಿನ ತೆನೆ ನೋಡಿ "ಚೆಂದ ಆಗೇತಿ ಈ ಸಲ" ಎಂದಳು. ಆಯಿ ಎಂದಿನ ಹಾಗೆ ಉತ್ತರಿಸಿದಳು.

"ಚೆಂದ ತಗೊಂಡ್ ಏನ್ ಮಾಡ್ತಿ? ಮೂರ ವರ್ಷ ಆತು, ಒಂದ ಕಾಳ ಕಟ್ಟಲಿಲ್ಲ. ಬರೇ ಜೊಳ್ಳ."

ಜೊಳ್ಳು ಎಂದರೆ ಒಳಗೆ ಏನೂ ಇಲ್ಲದ ಕಾಳು, ತೂರುವಾಗ ಗಾಳಿಗೆ ಹಾರಿಹೋಗುವಂಥದು. ಚಿಗವ್ವ ಹೊಸ್ತಿಲ ಮೇಲೆ ಒಂದು ಕ್ಷಣ ನಿಂತಳು. ಆಮೇಲೆ ಸೆರಗು ಸರಿಮಾಡಿಕೊಂಡು ನಡೆದುಬಿಟ್ಟಳು. ಆಯಿ ಹುಲ್ಲಿನ ಬಗ್ಗೆಯೇ ಆಡಿದ್ದಳು, ಇದನ್ನು ನಾನು ಇಂದಿಗೂ ಆಣೆ ಮಾಡಿ ಹೇಳಬಲ್ಲೆ. ಆದರೆ ಮೂರು ವರ್ಷದಲ್ಲಿ ತೊಟ್ಟಿಲು ಕಟ್ಟದ ಸೊಸೆಯ ಕಿವಿಗೆ ಅದು ಹುಲ್ಲಿನ ಮಾತಾಗಿ ಕೇಳಲು ಸಾಧ್ಯವಿರಲಿಲ್ಲ.

ನನ್ನ ಕಿವಿಗೆ ಅದು ಆಜ್ಞೆಯಾಗಿ ಕೇಳಿತು. ಪಂಚಮಿ ಮುಗಿದ ಮೇಲಿನ ಶನಿವಾರ ಬೆಳಿಗ್ಗೆ ಅಂಗಳದ ಕಸ ತೆಗೆಯುತ್ತ ಎಡಗಡೆ ಮುಗಿಸಿ ಬಲಕ್ಕೆ ತಿರುಗಿದೆ. ಎಡಗಡೆ ನಾಲ್ಕು ಸಾಲು, ದಾರ ಹಿಡಿದಂತೆ. ಬಲಗಡೆ ಹಾದಿಯ ಮೇಲೆಲ್ಲ ಜೋತುಬಿದ್ದ ಒಂದು ಗುಡ್ಡೆ. ಈ ಅಂಕುಡೊಂಕನ್ನು ನಾನು ಮೂರು ವರ್ಷದಿಂದ ಸಹಿಸಿದ್ದೆ. ಕಾಳು ಕಟ್ಟದ್ದು, ಸಾಲಿನಲ್ಲಿ ನಿಲ್ಲದ್ದು, ಹೆಸರಿನಲ್ಲಿಯೇ ಹುಲ್ಲು ಇರುವಂಥದು ಕಸವಲ್ಲದೆ ಮತ್ತೇನು? ಹೀಗೆಂದು ಲೆಕ್ಕ ಹಾಕಿ ಎರಡೂ ಕೈಯಿಂದ ಹಿಡಿದು ಜಗ್ಗಿದೆ. ಮಳೆಗೆ ನೆಲ ಮೆತ್ತಗಿತ್ತು, ಇಡೀ ಬುಡ ಬಂತು. ಅದನ್ನು ಹರಿದು, ಬುಟ್ಟಿ ತುಂಬಿ, ಓಣಿಯ ಕೊನೆಯ ತಿಪ್ಪೆಗೆ ಚೆಲ್ಲಿ, ಕೈ ತೊಳೆದು, ಹಲಗೆಯ ಮೇಲೆ ನನ್ನ ಹೆಸರಿನ ಮುಂದೆ ಗುರುತು ಹಾಕಿದೆ. ತಿಳಿಯದೆ ಮಾಡಿದೆ ಎಂದು ಬರೆದರೆ ಓದುವವರು ಒಪ್ಪಿಯಾರು, ಹತ್ತು ವರ್ಷದ ಕೂಸು ಎಂದಾರು. ತಿಳಿದೇ ಮಾಡಿದೆ. ಅದು ಚಿಗವ್ವನದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹಲಗೆ ನನ್ನ ಬೆನ್ನಿಗಿತ್ತು, ಅಷ್ಟೇ.

ಅದೇ ಸಂಜೆ ಚಿಗವ್ವ ಬಂದಳು. ಚೀಲದ ತುಂಬ ಪಂಚಮಿಯ ತಿನಿಸು, ಅಳ್ಳಿಟ್ಟು, ಉಂಡಿ. ಅಂಗಳದಲ್ಲಿ ನಿಂತು ಬಲಗಡೆಯ ಬರಿಯ ಮಣ್ಣು ನೋಡಿದಳು. ಬಾಗಿಲಲ್ಲಿ ಜಪಮಾಲೆ ಹಿಡಿದು ಕೂತ ಆಯಿಯನ್ನು ನೋಡಿದಳು. ಆಯಿಗೂ ಅಷ್ಟೊತ್ತಿಗೆ ಹುಲ್ಲು ಇಲ್ಲದ್ದು ಕಂಡಿತ್ತು, ಯಾವುದೋ ದನ ತಿಂದಿರಬೇಕು ಎಂದುಕೊಂಡಿದ್ದಳು. ಚಿಗವ್ವ ನೆಟ್ಟಗೆ ಒಳಗೆ ನಡೆದಳು. ಅಡುಗೆಮನೆಯಲ್ಲಿ ಚಿಗವ್ವ ಅವ್ವನಿಗೆ ಹೇಳಿದ್ದು ನನಗೆ ನಡುಮನೆಗೆ ಕೇಳಿಸಿತು.

"ಅಕ್ಕಾ, ಅವರು ಎರಡ ತಿಂಗಳಿಂದ ಮುದ್ದೇಬಿಹಾಳದಾಗ ಬಾಡಿಗಿ ಖೋಲಿ ಮಾಡ್ತೇನಿ ಅನ್ನಾಕತ್ತಾರ. ನಾನಽ ಬ್ಯಾಡ ಅಂದಿದ್ದೆ. ನಾಳಿ ಬಂದ್ರ ಹೂಂ ಅಂತೇನಿ. ನನ್ನ ಬುಡಾ ಕಿತ್ತ ಮನ್ಯಾಗ ನಾ ಹ್ಯಾಂಗ ಇರಲಿ?"

ಮನೆ ಎರಡಾಗುವುದು ಎಂದರೆ ಏನೆಂದು ನನಗೆ ಗೊತ್ತಿತ್ತು. ಓಣಿಯಲ್ಲಿ ಅಂಥ ಮನೆಗಳಿದ್ದವು, ನಡುವೆ ಗೋಡೆ, ಒಂದೇ ಹಬ್ಬಕ್ಕೆ ಎರಡು ಒಲೆ. ನನ್ನ ಜಡೆ ಹಾಕುತ್ತಿದ್ದವಳು ಚಿಗವ್ವ. ಆಯಿ ಬೈದರೆ ನಾನು ಓಡಿಹೋಗುತ್ತಿದ್ದದ್ದು ಅವಳ ಸೆರಗಿಗೆ. ಆದರೂ ನಡುಮನೆಯಿಂದ ಅಡುಗೆಮನೆಗೆ ನಾಲ್ಕು ಹೆಜ್ಜೆ ಹೋಗಿ "ನಾನು" ಎನ್ನಲು ನನ್ನಿಂದಾಗಲಿಲ್ಲ.

ಹೀಗೆ ರವಿವಾರ ಬೆಳಗಾಯಿತು, ಚಿಗವ್ವ ಹಾಜರಿಗೆ ಉತ್ತರ ಕೊಡಲಿಲ್ಲ. ಆಮೇಲೆ ನಾಷ್ಟಾಕ್ಕೆ ಕೂತೆವು, ತಂಗಳು ರೊಟ್ಟಿ, ಮೊಸರು, ಕೆಂಪು ಮೆಣಸಿನಕಾಯಿಯ ರಂಜಕ. ಆ ಹುಲ್ಲಿನ ಎಲೆಯ ಅಂಚು ಗರಗಸ. ಬೆರಳ ತುಂಬ ಕೂದಲೆಳೆಯಂಥ ಗೀರುಗಳಾಗಿದ್ದವು. ರಂಜಕ ತಾಗಿದ್ದೇ ನಾನು ಕೈ ಝಾಡಿಸಿದೆ. ಪಕ್ಕದಲ್ಲಿದ್ದ ಆಯಿ ನನ್ನ ಕೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದಳು. ಎದುರಿಗೆ ಕೂತಿದ್ದ ಚಿಗವ್ವನ ತಟ್ಟೆ ನೋಡಿದಳು, ರೊಟ್ಟಿ ಮುರಿದಿರಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ಮಡಚಿ ನನ್ನ ತೊಡೆಯ ಮೇಲಿಟ್ಟು ಎದ್ದುಬಿಟ್ಟಳು.

"ಮಾಸ್ತರ, ನಿನ್ನ ಹಲಗಿ ಇವತ್ತ ಒರಸು. ಈ ಹುಡಿಗೀನ ಕರಕೊಂಡು ನಾ ನಿಡಗುಂದಿಗಿ ಹೊಂಟೇನಿ."

"ನಿಡಗುಂದಿಗಿ? ಯಾತಕ್ಕವಾ?" ಅಪ್ಪ ಗಾಬರಿಯಾದರು.

"ಬೀಗರ ಮನಿಗಿ ಹೋಗಾಕ ಸೀಟಿ ಊದಬೇಕೇನು?"

ಸೊಸೆಯ ತವರಿಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಆಯಿ ಚವಳಿಸಾಲಿಗೆ ಇಳಿದು ಒಂದು ಉಡಿ ಎಳೆಕಾಯಿ ಬಿಡಿಸಿ ಬಟ್ಟೆಯಲ್ಲಿ ಕಟ್ಟಿಕೊಂಡಳು. ಬಸ್ಸಿನಲ್ಲಿ ನಿಡಗುಂದಿಯವರೆಗೂ ಒಂದೇ ಮಾತು ಆಡಿದಳು.

"ಕಿತ್ತಾಕಿ ನೀನು. ಅಕಿ ಮುಂದ ಹೇಳಾಕೀನೂ ನೀನಽ. ನಾ ಹೇಳಂಗಿಲ್ಲ, ಹೇಳಂತ ಒತ್ತಂಗೂ ಇಲ್ಲ."

ಚಿಗವ್ವನ ತಂದೆ ಬಾವಿಯ ಹತ್ತಿರ ಕುಂಡಗಳಿಗೆ ಮಣ್ಣು ತುಂಬುತ್ತಿದ್ದರು. ಹಿಂದಿನ ದಿನವಷ್ಟೇ ಮಗಳನ್ನು ಬಸ್ಸು ಹತ್ತಿಸಿ ಬಂದವರು, ಬೀಗತಿ ಬಂದದ್ದು ಕಂಡು ಕೈಯಲ್ಲಿದ್ದ ಮಣ್ಣು ಕೆದಕುವ ಕುರ್ಚಿಗಿಯನ್ನು ಕೆಳಗೆ ಬಿಟ್ಟರು.

"ಏನಾತ್ರಿ? ಮಗಳು ಆರಾಮ ಅದಾಳಲ್ರಿ?"

"ಆರಾಮ ಅದಾಳ್ರಿ. ನಾ ಹುಲ್ಲ ಬೇಡಾಕ ಬಂದೀನಿ."

ಆಯಿ ಯಾರ ಮುಂದೆಯೂ ಏನನ್ನೂ ಬೇಡಿದ್ದು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮನೆಯ ಮರ್ಯಾದೆಗಾಗಿ ಒಂದು ಸುಳ್ಳನ್ನೂ ಸೇರಿಸಿದಳು, ದನ ತಿಂದಿತು ಎಂದಳು. ಅವರು ನನ್ನ ಕಡೆ ನೋಡಿದರು, ನನ್ನ ಕೈ ನೋಡಿದರು.

"ಈ ಹುಲ್ಲ ದನಾ ಮೂಸಿ ನೋಡಂಗಿಲ್ರಿ ಬೀಗತ್ಯಾರ," ಎಂದರು ನಗುತ್ತ. "ಇರಲಿ, ತಿಂದಿದ್ರ ತಿಂದೀತು."

ಬೇಲಿಯ ಪಕ್ಕದಲ್ಲಿ ಅದೇ ಹುಲ್ಲು ಮೊಣಕಾಲೆತ್ತರ ನಿಂತಿತ್ತು. ಆಯಿ ಒಂದು ತೆನೆ ಹಿಡಿದು, ಮುಜುಗರದಿಂದಲೇ ಕೇಳಿದಳು, "ಬೀಜಾನಽ ಕಟ್ಟಂಗಿಲ್ಲಲ್ರಿ ಇದು. ಮತ್ತ ಇಷ್ಟ ಹ್ಯಾಂಗ ಮಾಡಿದ್ರಿ?"

"ಬೀಜ ಯಾಕ ಬೇಕ್ರಿ? ಬುಡಾ ಒಡದ ಹಚ್ಚೂದು. ನಿಮ್ಮ ಚವಳಿ ಬೀಜದಿಂದ ಬಾಳೇವು ಮಾಡ್ತೈತಿ, ಒಂದ ಮಳಿಗಾಲಕ್ಕ ಮುಗೀತೈತಿ. ಇದು ಬೇರಿನಿಂದ ಮಾಡ್ತೈತಿ, ವರ್ಷಾನುಗಟ್ಲೆ ಇರತೈತಿ. ಎರಡರ ರೀತಿ ಬ್ಯಾರೆ ಬ್ಯಾರೆರಿ. ನನ್ನ ಮಗಳಿಗಿ ಹುಲ್ಲ ಕೊಟ್ಟು ಕಳಿಸಿದ್ದ ಯಾಕ ಅಂತೀರಿ? ಎಲ್ಲಿ ಹಚ್ಚಿದ್ರೂ ಹತ್ತಲಿ ಅಂತ."

ಅವರಿಗೆ ಜೊಳ್ಳು ಎಂಬ ಮಾತಿನ ಸುದ್ದಿ ಗೊತ್ತಿರಲಿಲ್ಲ. ಚಿಗವ್ವ ತವರಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ ಎಂಬುದು ಆಗ ಆಯಿಗೆ ತಿಳಿಯಿತು. ಆ ಮಾತು ಎಲ್ಲಿಗೆ ಹೋಗಿ ತಾಗಿತ್ತು ಎಂಬುದೂ ಅದೇ ಕ್ಷಣಕ್ಕೆ ತಿಳಿದಿರಬೇಕು. ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವರು ತಂದುಕೊಟ್ಟ ಚಹಾ ಬಟ್ಟಲಲ್ಲಿ ಕೆನೆಗಟ್ಟಿತು.

ಮರಳುವಾಗ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ನನ್ನ ಮಡಿಲಲ್ಲಿ ಒದ್ದೆ ತಟ್ಟಿನ ಚೀಲ, ಮೇಲೆ ಬಾಗಿದ ತೆನೆಗಳು. ಎದುರು ಸೀಟಿನ ರೈತನೊಬ್ಬ ಕೇಳಿದ.

"ಆಯಿ, ಇದು ಯಾವ ಎಮ್ಮಿಗಿ?"

"ಎಮ್ಮಿಗಲ್ಲೋ, ಸೊಸಿಗಿ."

ಇಡೀ ಬಸ್ಸು ನಕ್ಕಿತು. ಆಯಿ ನಗಲಿಲ್ಲ, ಕಿಟಕಿಯ ಕಡೆ ಮುಖ ಮಾಡಿದಳು.

ಮನೆ ಮುಟ್ಟಿದಾಗ ನಾಲ್ಕು ಗಂಟೆ. ಕಾಕಾ ಬರಲು ಇನ್ನೊಂದು ತಾಸು ಇತ್ತು. ಚಿಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಯಿ ನೇರ ಬಲಗಡೆಗೆ ಹೋಗಿ, ಸೀರೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು ಅಗೆಯತೊಡಗಿದಳು. ತೆಂಗಿನ ಸಸಿ ಇಡುವವರ ಹಾಗೆ ಅಗೆದೇ ಅಗೆದಳು. ಚಿಗವ್ವನಿಂದ ತಡೆಯಲಾಗಲಿಲ್ಲ.

"ಅಷ್ಟ ಆಳ ಬ್ಯಾಡ್ರಿ ಅತ್ತಿ. ಕೊಳಿತೈತಿ."

"ನನಗೇನ್ ಗೊತ್ತ ನನ ಮಗಳ? ನಾ ಜೀವಮಾನ ಹೊಲದಾಗ ಹುಲ್ಲ ಕಿತ್ತಾಕಿ, ಹಚ್ಚಿದಾಕಿ ಅಲ್ಲ. ನೀ ಬಂದ ತೋರಸು." ಮಣ್ಣನ್ನೇ ನೋಡುತ್ತ ಹೇಳಿದಳು, "ಅವತ್ತ ನಾ ಅಂದದ್ದು ಹುಲ್ಲಿಗಿ. ನಿನಗ ಹತ್ತೀತು ಅಂತ ತಿಳೀಲಿಲ್ಲ. ಇನ್ನ ಮ್ಯಾಲೆ ಹುಲ್ಲಿಗೂ ಅನ್ನಂಗಿಲ್ಲ."

ಚಿಗವ್ವ ಕೆಳಗಿಳಿದು ಬಂದಳು. ಅರ್ಧ ಕುಣಿ ಮುಚ್ಚಿ, ಬುಡ ಇಟ್ಟು, ಸುತ್ತ ಮಣ್ಣು ಅದುಮಿದಳು. ನಾನು ನೀರಿನ ಚೆರಿಗೆ ಹಿಡಿದು ನಿಂತಿದ್ದೆ. ಆಯಿ ನನ್ನ ಕಡೆ ನೋಡಲೇ ಇಲ್ಲ, ನೋಡಿದ್ದರೆ ಸುಲಭವಾಗುತ್ತಿತ್ತು.

"ಚಿಗವ್ವಾ, ಆಯಿ ಕಿತ್ತಿಲ್ಲ. ನಾ ಕಿತ್ತೀನಿ. ಕಸ ಅಂತ."

ಚಿಗವ್ವ ಕೈ ಮಣ್ಣಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಒಳ್ಳೆಯದು ಎಂದೂ ಅನಿಸಿತು. ಅವಳು ಕೇಳಿದ್ದು ಇಷ್ಟೇ.

"ಕೀಳಮುಂದ ಕೈ ಹರಿಲಿಲ್ಲೇನ?"

ಹರಿದದ್ದನ್ನು ತೋರಿಸಿದೆ. ಒಳಗೆ ಕರೆದುಕೊಂಡು ಹೋಗಿ ಕೊಬ್ಬರಿ ಎಣ್ಣೆ ಹಚ್ಚಿದಳು. ಹಚ್ಚುವಾಗ ಬೇಕೆಂದೇ ಸ್ವಲ್ಪ ಒತ್ತಿ ತಿಕ್ಕಿದಳು. ನಾನು ಹಾ ಎನ್ನಲಿಲ್ಲ.

ಕಾಕಾ ಬಂದು, ಅಂಗಿ ಕಳೆದು ಗೂಟಕ್ಕೆ ತೂಗುಹಾಕಿ, ಚಹಾ ಕುಡಿಯುತ್ತ ಖುಷಿಯಿಂದ ಹೇಳಿದ, "ಖೋಲಿ ಸಿಕ್ಕೇತಿ. ಬಸ್ ಸ್ಟ್ಯಾಂಡಿಗಿ ಹತ್ರ."

"ಅಂಗಳ ಐತೇನ್ರಿ?" ಎಂದು ಚಿಗವ್ವ ಕೇಳಿದಳು.

"ಅಂಗಳ ಎಲ್ಲಿದ? ಮ್ಯಾಲಿನ ಖೋಲಿ ಅದು."

"ಹಂಗಾರ ಬ್ಯಾಡ್ರಿ."

ಕಾಕಾ ಅಣ್ಣನ ಮುಖ ನೋಡಿದ, ತಾಯಿಯ ಮುಖ ನೋಡಿದ. ಅವ್ವ ಅವನ ಬಟ್ಟಲಿಗೆ ಇನ್ನಷ್ಟು ಚಹಾ ಹಾಕಿದಳು.

ದೀಪ ಹಚ್ಚಿದ ಮೇಲೆ ಆಯಿ ನನ್ನಿಂದ ನಿಡಗುಂದಿಗೆ ಒಂದು ಕಾರ್ಡು ಬರೆಸಿದಳು. ಅವಳು ಹೇಳಿದ್ದು ಎರಡು ಸಾಲು: ಹುಲ್ಲು ಹಚ್ಚಿದ್ದೇವೆ, ನಿಮ್ಮ ಮಗಳು ಆರಾಮ ಇದ್ದಾಳೆ. ಕೆಳಗೆ ಜಾಗ ಉಳಿದಿತ್ತು. ಅಲ್ಲಿ ನಾನೇ ಬರೆದೆ: "ಹುಲ್ಲು ಕಿತ್ತದ್ದು ದನ ಅಲ್ಲ, ನಾನು." ಕೆಳಗೆ ನನ್ನ ಪೂರ್ತಿ ಹೆಸರು, ಶಾಲೆಯ ಇಯತ್ತೆ ಐದು ಎಂದೂ ಬರೆದೆ. ಚಿಗವ್ವ ಅದನ್ನು ಓದಿ, ಕಾಗುಣಿತದ ಒಂದು ತಪ್ಪು ತಿದ್ದಿ, ಮರಳಿ ನನ್ನ ಕೈಗೆ ಕೊಟ್ಟಳು. ಗೂಟಕ್ಕೆ ತೂಗುತ್ತಿದ್ದ ಕಾಕಾನ ಅಂಗಿಯ ಕಿಸೆಯಲ್ಲಿ ಅದನ್ನಿಟ್ಟೆ, ಬೆಳಗಿನ ಬಸ್ಸಿಗೆ ಹೋಗುವಾಗ ಡಬ್ಬಿಗೆ ಹಾಕಲಿ ಎಂದು. ಮರುದಿನ ಬೆಳಿಗ್ಗೆ ನಮ್ಮ ಮನೆಯಿಂದ ಅವನ ಜೊತೆ ಹೊರಟದ್ದು ಆ ಕಾರ್ಡು ಒಂದೇ.